ಗೋಲಿಗಳು ತುಳಿದ ಏತ

ಆ ಯಂತ್ರವನ್ನು ತೊಳೆದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ಆಗ ನನಗೆ ಒಂದು ತಿಂಗಳು ಹಿಡಿಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಲ್ಯಾಬ್ ಅಟೆಂಡರ್ ಆಗಿದ್ದೆ. ಗಾಜಿನ ಸಾಮಾನು ತೊಳೆಯುವುದು, ಒರೆಸಿ ಬೀರುವಿನಲ್ಲಿ ಜೋಡಿಸುವುದು, ಪಾಠದ ಹೊತ್ತಿಗೆ ಸೈನ್ಸ್ ಮಿಸ್ ಕೇಳಿದ್ದನ್ನು ಮೇಜಿನ ಮೇಲೆ ಇಡುವುದು, ಇಷ್ಟು ನನ್ನ ಕೆಲಸ. ಮಾತಾಡುವ ಅಗತ್ಯವೇ ಇರಲಿಲ್ಲ. ಅದಕ್ಕೇ ಆ ಕೆಲಸ ನನಗೆ ಹಿಡಿಸಿತ್ತು.

ಬೀರುವಿನ ಮೇಲಿನ ಖಾನೆಯಲ್ಲಿ ಗೇಣುದ್ದದ ಒಂದು ಬಿಸಿಗಾಳಿ ಯಂತ್ರವಿತ್ತು. ಮರದ ಹಲಗೆಯ ಮೇಲೆ ಹಿತ್ತಾಳೆಯ ಒಂದು ಕೊಳವೆ, ಅದರೊಳಗೆ ಹಿಂದೆ ಮುಂದೆ ಓಡುವ ಕಬ್ಬಿಣದ ಬೆಣೆ, ಪಕ್ಕದಲ್ಲಿ ಕಬ್ಬಿಣದ ಒಂದು ಚಕ್ರ. ಕೊಳವೆಯ ತುದಿಗೆ ಸ್ಪಿರಿಟ್ ದೀಪ ಹಿಡಿದರೆ ಒಳಗಿನ ಗಾಳಿ ಕಾದು ಚಕ್ರ ತಿರುಗುತ್ತಿತ್ತು. ನೀರಿಲ್ಲ, ಹಬೆಯಿಲ್ಲ, ಪೆಟ್ರೋಲಿಲ್ಲ. ವರ್ಷಕ್ಕೊಮ್ಮೆ ಹತ್ತನೇ ತರಗತಿಯ ಹುಡುಗಿಯರಿಗೆ ತೋರಿಸಿ ಮತ್ತೆ ಒಳಗಿಡುತ್ತಿದ್ದರು.

ದಸರಾ ರಜೆ ಶುರುವಾಗುವ ಹಿಂದಿನ ದಿನವೇ ಶಾಲೆಯಲ್ಲಿ ಆಯುಧಪೂಜೆ ಮಾಡುವ ಪದ್ಧತಿ. ತಕ್ಕಡಿ, ಸೂಕ್ಷ್ಮದರ್ಶಕ, ಗಂಟೆ ಹೊಡೆಯುವ ಸುತ್ತಿಗೆ, ಎಲ್ಲಕ್ಕೂ ಪೂಜೆ. ನಮ್ಮ ಊರಿನಲ್ಲಿ ಆ ದಿನ ಕುಡುಗೋಲು, ಗುದ್ದಲಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯದೆ ಕುಂಕುಮ ಇಡುತ್ತಿರಲಿಲ್ಲ. ನಾನು ಹಾಗೆಯೇ ಮಾಡಿದೆ. ಹಿತ್ತಾಳೆ ಕಪ್ಪಾಗಿತ್ತು. ಹುಣಸೆಹಣ್ಣಿನಲ್ಲಿ ತಿಕ್ಕಿ, ಎರಡು ಚೊಂಬು ನೀರು ಸುರಿದು, ಒರೆಸಿ, ಅರ್ಧ ಗಂಟೆ ಬಿಸಿಲಿಗೆ ಇಟ್ಟೆ. ಬಂಗಾರದ ಹಾಗೆ ಹೊಳೆಯಿತು. ವಿಭೂತಿ ಎಳೆದು, ಕುಂಕುಮ ಇಟ್ಟು, ಚಕ್ರಕ್ಕೆ ಒಂದು ಚೆಂಡುಹೂ ಸಿಕ್ಕಿಸಿ, ಮಂಗಳಾರತಿ ಮುಗಿದ ಮೇಲೆ ಬೀರುವಿಗೆ ಬೀಗ ಹಾಕಿದೆ. ಹೊರಗಡೆ ಒಣಗಿತ್ತು. ಒಳಗೆ ನೀರು ನಿಂತಿದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ರಜೆ ಮುಗಿಸಿ ಬಂದು ನೋಡಿದರೆ ಚಕ್ರ ಅಲ್ಲಾಡಲಿಲ್ಲ. ಮಿಸ್ ಬರುವುದರೊಳಗೆ ಸರಿ ಮಾಡಿಬಿಡೋಣ ಎಂದು ಎಣ್ಣೆ ಬಿಟ್ಟೆ, ದೀಪದ ಮೇಲೆ ಹಿಡಿದೆ, ಕೊನೆಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದೆ. ನಾಲ್ಕನೇ ಏಟಿಗೆ ಟಕ್ಕೆಂದಿತು. ಚಕ್ರವನ್ನು ಕೊಳವೆಗೆ ಸೇರಿಸುವ ಕಡ್ಡಿ ಮುರಿದು ನನ್ನ ಕೈಗೆ ಬಂತು.

ಮಿಸ್ ಬಾಗಿಲಲ್ಲಿ ನಿಂತಿದ್ದರು. ಇನ್ನೂ ಚಿಕ್ಕ ವಯಸ್ಸು, ಅದು ಅವರ ಮೊದಲ ಕೆಲಸ, ಪ್ರೊಬೇಷನ್ನಿನ ವರ್ಷ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಕೊಳವೆಯೊಳಗೆ ಇಣುಕಿದರು. ಒಳಗೆಲ್ಲ ಕೆಂಪು ತುಕ್ಕು. ಅಂಚಿನಲ್ಲಿ ಕುಂಕುಮ ಕಲಸಿ ಹೆಪ್ಪುಗಟ್ಟಿತ್ತು.

“ತೊಳೆದ್ರಾ?”

ನಾನು ತಲೆಯಾಡಿಸಿದೆ.

ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಸ್ಟಾಕ್ ಪುಸ್ತಕ ತೆಗೆದರು. ಜೂನ್ ತಿಂಗಳಲ್ಲಿ ಎಲ್ಲ ಉಪಕರಣಗಳ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಮಾಡಿದ್ದವರು ಅವರೇ.

“ದೀಪಾವಳಿ ಆದ್ಮೇಲೆ ಇನ್ಸ್‌ಪೆಕ್ಷನ್ ಇದೆ ಕಣ್ರೀ. ಒಂದೊಂದನ್ನೂ ಓಡಿಸಿ ತೋರ್ಸಿ ಅಂತಾರೆ. ನಾನೇ ಕೆಡಿಸ್ದೆ ಅಂತ ಬರ್ಕೊಡ್ತೀನಿ. ನಿಮ್ಮ ಹೆಸರು ಬೇಡ. ನಿಮ್ದು ಟೆಂಪರರಿ, ಒಂದು ಮಾತಿಗೇ ತೆಗೆದ್ಬಿಡ್ತಾರೆ.”

“ನಿಮ್ಗೆ?”

“ನನ್ಗೂ ಕಷ್ಟಾನೇ. ಪ್ರೊಬೇಷನ್‌ನಲ್ಲೇ ಹಿಂಗೆ ಆಯ್ತು ಅಂದ್ರೆ ಫೈಲಲ್ಲಿ ಕೂತ್ಬಿಡುತ್ತೆ. ಖಾಯಂ ಮಾಡೋವಾಗ ತೆಗೆದು ನೋಡ್ತಾರೆ. ಆದ್ರೂ ನನಗೆ ಬೇರೆ ಕಡೆ ಸಿಗಬಹುದು. ನಿಮಗೆ ಸಿಗುತ್ತಾ?”

ಬೇಡ ಮಿಸ್ ಎಂದು ನಾನು ಆಗಲೇ ಹೇಳಬೇಕಿತ್ತು. ಆ ವಾರದಲ್ಲಿ ಎರಡು ಸಲ ಹೆಡ್‌ಮಿಸ್ಟ್ರೆಸ್ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಒಳಗೆ ಹೋದೆ. ಅವರು ಕನ್ನಡಕದ ಮೇಲಿನಿಂದ ನೋಡಿ “ಏನಮ್ಮಾ?” ಎಂದರು. “ಸೀಮೆಸುಣ್ಣ ಖಾಲಿ ಆಗಿದೆ ಮೇಡಂ” ಎಂದೆ. ಒಂದು ಡಬ್ಬ ಸೀಮೆಸುಣ್ಣ ಹಿಡಿದು ಲ್ಯಾಬಿಗೆ ಬಂದೆ. ಬೀರುವಿನಲ್ಲಿ ಆಗಲೇ ಮೂರು ಡಬ್ಬ ಇದ್ದವು.

ಶನಿವಾರ ಮಧ್ಯಾಹ್ನ ಮಿಸ್ ಜೊತೆ ಮಾಮೂಲ್‌ಪೇಟೆಗೆ ಹೋದೆ. ಅಲ್ಲಿ ಒಂದು ಓಣಿಯಲ್ಲಿ ತಕ್ಕಡಿ, ಗಡಿಯಾರ, ಹೊಲಿಗೆ ಯಂತ್ರ ಎಲ್ಲವನ್ನೂ ರಿಪೇರಿ ಮಾಡುವ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದರು. ಯಂತ್ರವನ್ನು ಬಿಚ್ಚಿ ಮೂಸಿ ನೋಡಿದರು.

“ಇದೇನಮ್ಮಾ, ಎಂಜಿನ್ನಾ, ಉಪ್ಪಿನಕಾಯಾ? ಹುಣಸೆಹುಳಿ ವಾಸ್ನೆ ಬರ್ತಿದೆ.”

ಮಿಸ್‌ಗೆ ನಗು ಬಂತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಒಳಗಿನ ಕಬ್ಬಿಣದ ಬೆಣೆ ಪೂರ್ತಿ ತಿಂದೋಗಿದೆ. ಅಳತೆಗೆ ಹೊಸದು ಕಡೆದು ಕೊಡೋಕೆ ಎರಡು ತಿಂಗಳಾದ್ರೂ ಬೇಕು. ಗ್ಯಾರಂಟಿ ಕೊಡಲ್ಲ,” ಎಂದರು. ಮಿಸ್ ಮುಖ ನೋಡಿ ಏನನ್ನಿಸಿತೋ, ಮತ್ತೆ ಹೇಳಿದರು: “ಇದೇನು ದೊಡ್ಡ ವಿದ್ಯೆ ಅಲ್ಲ ಮೇಡಂ. ಗಾಳಿ ಕಾದ್ರೆ ಉಬ್ಬುತ್ತೆ, ತಣ್ಣಗಾದ್ರೆ ಕುಗ್ಗುತ್ತೆ. ಮನೇಲಿರೋ ಡಬ್ಬದಲ್ಲೂ ಓಡುತ್ತೆ. ಗಾಳಿ ಸೋರ್ಬಾರ್ದು, ಒಂದಕ್ಕೊಂದು ಉಜ್ಜಬಾರ್ದು, ಅಷ್ಟೆ.”

ವಾಪಸು ಬರುವಾಗ ಬಸ್ಸಿನಲ್ಲಿ ಮಿಸ್ ಒಂದು ಉತ್ತರಪತ್ರಿಕೆಯ ಹಿಂದೆ ಚಿತ್ರ ಬರೆದು ತೋರಿಸಿದರು. ಒಂದು ದೊಡ್ಡ ಡಬ್ಬದೊಳಗೆ ಸಡಿಲವಾಗಿ ಓಡಾಡುವ ಚಿಕ್ಕ ಡಬ್ಬ. ದೊಡ್ಡ ಡಬ್ಬದ ತಳಕ್ಕೆ ಬೆಂಕಿ, ತಲೆಗೆ ತಣ್ಣೀರು. ಚಿಕ್ಕ ಡಬ್ಬ ಮೇಲೆ ಹೋದರೆ ಗಾಳಿ ಕೆಳಗೆ ಬೆಂಕಿಯ ಕಡೆ ಬರುತ್ತದೆ, ಉಬ್ಬುತ್ತದೆ. ಕೆಳಗೆ ಬಂದರೆ ಗಾಳಿ ಮೇಲೆ ತಂಪಿನ ಕಡೆ ಹೋಗುತ್ತದೆ, ಕುಗ್ಗುತ್ತದೆ. ಆ ಉಬ್ಬು ತಗ್ಗನ್ನು ಒಂದು ರಬ್ಬರಿನ ಪರದೆ ಹಿಡಿದು ಚಕ್ರಕ್ಕೆ ಕೊಡುತ್ತದೆ.

“ಒಳಗಿನ ಡಬ್ಬ ಏನೂ ತಳ್ಳಲ್ವಾ ಮಿಸ್?”

“ಇಲ್ಲ. ಗಾಳೀನ ಆ ಕಡೆ ಈ ಕಡೆ ಕಳಿಸೋದಷ್ಟೇ ಅದರ ಕೆಲಸ.”

ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಡಬ್ಬದ ಯಂತ್ರಕ್ಕೆ ನಾನು ಮನೆಯಿಂದ ತಂದದ್ದು: ನಿಮ್ಮಮ್ಮ ಮಗುವಾಗಿದ್ದಾಗಿನ ಹಾಲಿನಪುಡಿಯ ಡಬ್ಬ, ಮುಖದ ಪೌಡರಿನ ಖಾಲಿ ಡಬ್ಬ, ಮುರಿದ ಛತ್ರಿಯ ಕಡ್ಡಿಗಳು, ಚಕ್ರಕ್ಕೆ ಒಂದು ಸ್ಟೀಲ್ ಮುಚ್ಚಳ. ಪರದೆಗೆ ಬಲೂನು. ಸಂಜೆ ಶಾಲೆ ಬಿಟ್ಟ ಮೇಲೆ ಐದೂವರೆವರೆಗೆ ಲ್ಯಾಬಿನಲ್ಲಿ ಕೂತು ಮಾಡುತ್ತಿದ್ದೆವು. ಪೌಡರ್ ಡಬ್ಬದ ಕಡ್ಡಿ ಮುಚ್ಚಳದಿಂದ ಹೊರಬರುವ ತೂತಿನಲ್ಲಿ ಗಾಳಿ ಸೋರಿತು. ಊರಿನಲ್ಲಿ ಮಡಕೆಯ ಬಿರುಕಿಗೆ ಮೆತ್ತುವಂತೆ ಉದ್ದಿನಹಿಟ್ಟಿಗೆ ಸುಣ್ಣ ಕಲಸಿ ಸುತ್ತಲೂ ಮೆತ್ತಿದೆ. ಕಲ್ಲಿನಂತೆ ಗಟ್ಟಿಯಾಯಿತು, ಬಿಸಿ ತಗುಲಿದೊಡನೆ ಬಿರುಕು ಬಿಟ್ಟಿತು. ಬಲೂನು ಒಡೆಯಿತು. ಸೈಕಲ್ ಟ್ಯೂಬಿನ ತುಂಡು ಕಟ್ಟಿದರೆ ಅದು ಗಟ್ಟಿ, ಮಿಸುಕಲಿಲ್ಲ. ಬೆಂಕಿ ಜಾಸ್ತಿ ಮಾಡಿದೆವು. ಡಬ್ಬದ ತಳದ ಬೆಸುಗೆ ಕರಗಿ ತಳವೇ ಕಳಚಿ ಬಿತ್ತು. ಹತ್ತು ದಿನ ಹೀಗೇ ಹೋಯಿತು. ಒಮ್ಮೆಯೂ ಚಕ್ರ ಪೂರ್ತಿ ಒಂದು ಸುತ್ತು ಬರಲಿಲ್ಲ.

ದೀಪಾವಳಿಯ ರಜೆಗೆ ಮುಂಚೆ ಮಿಸ್ ಒಂದು ಕಾಗದ ಬರೆದು ನನ್ನ ಕಣ್ಣೆದುರಿಗೇ ಫೈಲಿಗೆ ಹಾಕಿದರು. ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗಿತ್ತು. ಓದಲು ನನಗೆ ಬರುತ್ತಿತ್ತಲ್ಲ, ಓದಿದೆ. ಇನ್ಸ್‌ಪೆಕ್ಷನ್ನಿಗೆ ಉಳಿದದ್ದು ರಜೆಯ ಮೂರು ದಿನ, ಅದರ ಮೇಲೆ ಇನ್ನು ಐದು ದಿನ.

ಹಬ್ಬದ ಮಾರನೇ ದಿನ ಚಾಮರಾಜಪೇಟೆಯ ನಮ್ಮ ವಠಾರದ ಮೂಲೆಯಲ್ಲಿ ಗೋಲಿ ಸೋಡಾ ಗಾಡಿ ನಿಂತಿತ್ತು. ನಿಮ್ಮಮ್ಮನಿಗೆ ಹೊಟ್ಟೆನೋವೆಂದು ಒಂದು ಸೋಡಾ ತರಲು ಹೋದೆ. ಖಾಲಿ ಬಾಟಲಿಗಳನ್ನು ಅವನು ಅಡ್ಡಡ್ಡ ಜೋಡಿಸುತ್ತಿದ್ದ. ಬಾಟಲಿ ಬಗ್ಗಿದ ಹಾಗೆಲ್ಲ ಕುತ್ತಿಗೆಯಲ್ಲಿ ಗೋಲಿ ಆ ಕಡೆ ಈ ಕಡೆ ಉರುಳುತ್ತಿತ್ತು. ಗೋಲಿ ಹೋದ ಕಡೆಯ ಗಾಳಿ ಜಾಗ ಬಿಟ್ಟು ಇನ್ನೊಂದು ಕಡೆಗೆ ಹೋಗಲೇಬೇಕಲ್ಲ ಎಂದುಕೊಂಡೆ. ಅದು ಪೌಡರ್ ಡಬ್ಬದ ಕೆಲಸವೇ.

ಬಾಟಲಿಯನ್ನು ಬಗ್ಗಿಸುವವರು ಯಾರು ಎಂದು ಯೋಚಿಸುವಾಗ ಏತ ನೆನಪಾಯಿತು. ನೀವು ಏತ ನೋಡಿಲ್ಲ. ಬಾವಿಯ ಪಕ್ಕ ಒಂದು ಕಂಬ, ಅದರ ಮೇಲೆ ತೂಗುವ ಉದ್ದನೆಯ ಮರ, ಮರದ ಒಂದು ತುದಿಗೆ ನೀರೆತ್ತುವ ಬಾನಿ. ನಮ್ಮಪ್ಪ ಬೇರೆಯವರ ತೋಟದಲ್ಲಿ ಏತ ತುಳಿಯುತ್ತಿದ್ದರು. ಆ ಮರದ ಮೇಲೆ ನಿಂತು ಈ ತುದಿಗೆ ನಡೆದರೆ ಬಾನಿ ಬಾವಿಗೆ ಇಳಿಯುತ್ತದೆ, ಆ ತುದಿಗೆ ನಡೆದರೆ ಮೇಲೆ ಬರುತ್ತದೆ. ಬೆಳಗಿನಿಂದ ಬಿಸಿಲೇರುವವರೆಗೆ ನಡೆದದ್ದೇ ನಡೆದದ್ದು. ಗಾಜಿನ ನಳಿಗೆಯೇ ಏತದ ಮರವಾದರೆ ಗೋಲಿಗಳು ಒಳಗೆ ನಮ್ಮಪ್ಪನ ಹಾಗೆ ನಡೆದಾವು. ಬಗ್ಗಿಸುವುದಕ್ಕೆ ಕಾದು ಉಬ್ಬುವ ಗಾಳಿ ಇದ್ದೇ ಇದೆ.

ಶಾಲೆ ತೆರೆದ ದಿನ ಇದನ್ನು ಬಾಯಲ್ಲಿ ಹೇಳಲು ಆಗದೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದೆ. ಮಿಸ್ ಬಹಳ ಹೊತ್ತು ನೋಡಿದರು.

“ಚಕ್ರ ಎಲ್ಲಿ?”

“ಚಕ್ರ ಬೇಡ ಮಿಸ್.”

“ಚಕ್ರ ಇಲ್ದೆ ಎಂಜಿನ್ ಅಂತಾರೇನ್ರೀ? ಬಂದೋರು ನಗ್ತಾರೆ.”

“ಏತಕ್ಕೆ ಚಕ್ರ ಇರಲ್ಲ ಮಿಸ್. ಊರಿಗೆಲ್ಲ ನೀರೆತ್ತುತ್ತೆ.”

ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಡಬ್ಬದ ಯಂತ್ರವನ್ನು ನೋಡಿದರು, ಹಲಗೆಯನ್ನು ನೋಡಿದರು. ಆಮೇಲೆ ಎದ್ದು ಡಬ್ಬವನ್ನು ಕಸದ ಬುಟ್ಟಿಗೆ ಹಾಕಿಬಿಟ್ಟರು. “ಐದು ದಿನ ಇದೆ. ಎರಡೆರಡು ಆಗಲ್ಲ. ಇದೇ ಆಗ್ಲಿ,” ಎಂದರು.

ಬಾಯಿಯ ಅಂಚು ಒಡೆದು ಪಕ್ಕಕ್ಕೆ ಇಟ್ಟಿದ್ದ ದಪ್ಪ ಗಾಜಿನ ಪ್ರನಾಳವೊಂದು, ಅದೇ ಟೆಸ್ಟ್ ಟ್ಯೂಬು, ಲ್ಯಾಬಿನಲ್ಲಿ ಇತ್ತು. ಸೋಡಾದವನು ಒಡೆದ ಬಾಟಲಿಗಳ ಗೋಲಿ ಒಂದು ಹಿಡಿ ಕೊಟ್ಟ. ಒಂದೊಂದನ್ನೂ ಪ್ರನಾಳಕ್ಕೆ ಬಿಟ್ಟು ನೋಡಿದೆ. ಬಿಗಿಯಾದರೆ ಉರುಳುವುದಿಲ್ಲ, ತೀರ ಚಿಕ್ಕದಾದರೆ ಗಾಳಿ ಪಕ್ಕದಲ್ಲೇ ಉಳಿದುಬಿಡುತ್ತದೆ. ಐದು ಗೋಲಿ ಹೊಂದಿದವು. ಅವು ನಳಿಗೆಯ ಅರ್ಧ ಜಾಗ ತುಂಬಿದವು. ಗಾಳಿಯ ಉಬ್ಬು ತಗ್ಗು ಹಿಡಿಯಲು ಗಾಜಿನ ಸಿರಿಂಜು ಬೇಕಿತ್ತು. ಆಗ ಇಂಜೆಕ್ಷನ್ ಸಿರಿಂಜುಗಳು ಗಾಜಿನವು, ಕುದಿಸಿ ಕುದಿಸಿ ಬಳಸುತ್ತಿದ್ದರು. ನಮ್ಮ ಬೀದಿಯ ಡಾಕ್ಟರ ಕಾಂಪೌಂಡರ್ ಮೂತಿ ಮುಕ್ಕಾದ ಒಂದನ್ನು ಕೊಡುತ್ತಾ, “ಯಾರಿಗಮ್ಮಾ ಚುಚ್ಚೋದು? ಮೊದ್ಲೇ ಹೇಳಿ, ನಾನು ಆ ಕಡೆ ಬರಲ್ಲ,” ಎಂದ.

ನಿಮ್ಮಮ್ಮನ ಒಡೆದ ಸ್ಲೇಟಿನ ಮರದ ಚೌಕಟ್ಟು ಕತ್ತರಿಸಿ ಎರಡು ಕಂಬ ನಿಲ್ಲಿಸಿದೆ. ಅವುಗಳ ನಡುವೆ ಅಡ್ಡಲಾಗಿ ಸೈಕಲ್ ಕಡ್ಡಿ. ಪ್ರನಾಳದ ನಡುವಿಗೆ ತಗಡಿನ ಪಟ್ಟಿ ಸುತ್ತಿ ಆ ಕಡ್ಡಿಯ ಮೇಲೆ ತಕ್ಕಡಿಯಂತೆ ತೂಗುಹಾಕಿದೆ. ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ತೂತಿನಿಂದ ಒಂದು ರಬ್ಬರ್ ಕೊಳವೆ. ಬಾಯಿಯ ಕಡೆ ಕೆಳಗೆ ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ, ಕೊಳವೆಯ ಇನ್ನೊಂದು ತುದಿಯನ್ನು ಅದರ ಮೂತಿಗೆ ಸಿಕ್ಕಿಸಿದೆ. ಪ್ರನಾಳದ ಮುಚ್ಚಿದ ತುದಿಯ ಕೆಳಗೆ ದೀಪ. ಸಿರಿಂಜಿನ ಒಳಕಡ್ಡಿ ಮೇಲೆದ್ದರೆ ಪ್ರನಾಳದ ಬಾಯಿಯನ್ನು ಎತ್ತಬೇಕು. ಎತ್ತಿದರೆ ಗೋಲಿಗಳು ಬಿಸಿ ತುದಿಗೆ ಉರುಳುತ್ತವೆ, ಗಾಳಿ ತಂಪಿನ ಕಡೆ ಬಂದು ಕುಗ್ಗುತ್ತದೆ, ಬಾಯಿ ಇಳಿಯುತ್ತದೆ. ಇಳಿದರೆ ಗೋಲಿಗಳು ವಾಪಸು ಬರುತ್ತವೆ, ಗಾಳಿ ಮತ್ತೆ ಬೆಂಕಿಯ ಕಡೆ ಹೋಗುತ್ತದೆ.

ಮೊದಲ ದಿನ ದೀಪ ಹಚ್ಚಿದ ತಕ್ಷಣ ಒಳಕಡ್ಡಿ ಸಿರಿಂಜಿನಿಂದ ಹಾರಿ ಮಿಸ್ ಸೀರೆಯ ಮೇಲೆ ಬಿತ್ತು. ಪ್ರನಾಳದ ತುಂಬ ಮಂಜು. ಮಿಸ್ ನನ್ನ ಮುಖ ನೋಡಿದರು.

“ಗೋಲಿ ಏನ್ಮಾಡಿದ್ರಿ?”

“ತೊಳೆದೆ,” ಎಂದೆ. “ಸೋಡಾದ ಅಂಟಿತ್ತು.”

“ರೀ, ನಿಮ್ಮ ಕೈ ಕಟ್ಟಿಹಾಕ್ಬೇಕು!”

ಇಬ್ಬರೂ ನಕ್ಕೆವು. ಒಂದು ಹನಿ ನೀರು ಆವಿಯಾಗಿ ಅಷ್ಟು ಮಾಡಿತ್ತು. ಗೋಲಿಗಳನ್ನು ಬಾಣಲೆಯಲ್ಲಿ ಮೆಲ್ಲಗೆ ಬೆಚ್ಚಗೆ ಮಾಡಿ ಒಣಗಿಸಿ ಮತ್ತೆ ಹಾಕಿದೆವು. ಎರಡನೇ ದಿನ ಕಾದ ತುದಿಗೆ ಗೋಲಿಗಳು ಬಡಿದು ಪ್ರನಾಳ ಸೀಳಿತು. ಇನ್ನೊಂದನ್ನು ಹುಡುಕಿ, ದೀಪವನ್ನು ತೀರ ತುದಿಗೆ ಹಿಡಿಯದೆ ಎರಡು ಬೆರಳು ಹಿಂದಕ್ಕೆ ಇಟ್ಟೆವು. ಮೂರನೇ ದಿನ ಸಂಜೆ, ಬೆರಳಿನಿಂದ ಒಮ್ಮೆ ಬಗ್ಗಿಸಿದ ಮೇಲೆ, ಅದು ತಾನೇ ಎದ್ದಿತು. ಗೋಲಿಗಳು ಜರ್ರೆಂದು ಉರುಳಿದವು. ಇಳಿಯಿತು. ಮತ್ತೆ ಎದ್ದಿತು. ನಾವಿಬ್ಬರೂ ದೀಪದ ಸ್ಪಿರಿಟ್ ಮುಗಿಯುವವರೆಗೆ ನೋಡಿದೆವು.

ಇನ್ಸ್‌ಪೆಕ್ಷನ್ನಿನ ಹಿಂದಿನ ದಿನ ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್‌ಗೆ ತೋರಿಸೋಣ ಎಂದು ಮಿಸ್ ಬೇಗ ಬಂದು ಹಚ್ಚಿದರೆ ಅಲ್ಲಾಡಲಿಲ್ಲ. ಎರಡು ಸಲ, ಮೂರು ಸಲ. ಮಿಸ್ ಫೈಲಿನ ಕಡೆ ನೋಡುತ್ತಿದ್ದರು. ನಾನು ಸಿರಿಂಜನ್ನು ಮುಟ್ಟಿದೆ. ಒಳಗೆ ಬೆಳ್ಳಗೆ ಏನೋ ಹಿಡಿದಿತ್ತು. ಹಿಂದಿನ ಸಂಜೆ ಹೋಗುವಾಗ, ಇಷ್ಟು ಚೆನ್ನಾಗಿ ಓಡುವ ಯಂತ್ರಕ್ಕೆ ಒಂದು ತೊಟ್ಟು ಎಣ್ಣೆ ಬೇಡವೇ ಎಂದು ನಾನೇ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಕಾರ್ತೀಕದ ಚಳಿ. ಅದೇ ಬೆಳಿಗ್ಗೆ ತಲೆಗೆ ಹಚ್ಚಲು ಎಣ್ಣೆಯ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ಬಂದವಳು ನಾನು. ಸ್ಪಿರಿಟ್ಟಿನಿಂದ ಒರೆಸಿ, ಏನೂ ಹಚ್ಚದೆ ಒಣದಾಗಿ ಜೋಡಿಸಿದೆ. ಓಡಿತು. ಮೇಸ್ತ್ರಿ ಹೇಳಿದ ‘ಉಜ್ಜಬಾರ್ದು’ ಆಗ ಅರ್ಥವಾಯಿತು.

ಮಾರನೇ ದಿನ ಇನ್ಸ್‌ಪೆಕ್ಟರು ಬಂದರು. ಐವತ್ತು ದಾಟಿದವರು, ಕೋಟು, ಕೈಯಲ್ಲಿ ಸ್ಟಾಕ್ ಪುಸ್ತಕ. ಹಿಂದೆ ಹೆಡ್‌ಮಿಸ್ಟ್ರೆಸ್. ತಕ್ಕಡಿ ನೋಡಿದರು, ಸೂಕ್ಷ್ಮದರ್ಶಕ ನೋಡಿದರು.

“ಬಿಸಿಗಾಳಿ ಯಂತ್ರ?”

ಮಿಸ್ ಮೇಜಿನ ಕಡೆ ಕೈ ತೋರಿಸಿದರು. ಅವರು ಬಗ್ಗಿ ನೋಡಿದರು. “ಇದೇನ್ರೀ, ಗೋಲಿ ಆಟನಾ?”

ನಾನು ದೀಪ ಹಚ್ಚಿದೆ. ಎಲ್ಲರೂ ನಿಂತರು. ಏನೂ ಆಗಲಿಲ್ಲ. ಒಂದು ನಿಮಿಷವಾಗಿರಬೇಕು. ಇನ್ಸ್‌ಪೆಕ್ಟರು ಪುಸ್ತಕ ಮಡಚಿ, “ಸರಿ, ಮುಂದಿಂದು ನೋಡೋಣ,” ಎಂದು ಬಾಗಿಲ ಕಡೆ ತಿರುಗಿದರು. ಮಿಸ್ ಕೈ ಫೈಲಿನ ಮೇಲೆ ಹೋಯಿತು.

“ನಿಲ್ಲಿ ಸಾರ್,” ಎಂದೆ.

ಎಲ್ಲರೂ ತಿರುಗಿದರು. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

“ಇನ್ನೂ ಕಾದಿಲ್ಲ ಸಾರ್. ಅರ್ಧ ನಿಮಿಷ.”

ಅವರು ನಿಂತರು. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಪ್ರನಾಳದ ಬಾಯಿಯನ್ನು ಬೆರಳಿನಿಂದ ಒಮ್ಮೆ ಎತ್ತಿಬಿಟ್ಟೆ. ಗೋಲಿಗಳು ಹೋದವು, ಬಂದವು. ಒಂದು ಕ್ಷಣ ನಿಂತಿತು. ಆಮೇಲೆ ಒಳಕಡ್ಡಿ ಮೇಲೆದ್ದಿತು. ಜರ್ರ್. ಇಳಿಯಿತು. ಜರ್ರ್. ಇನ್ಸ್‌ಪೆಕ್ಟರು ಸ್ಟೂಲು ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅದು ಅಪ್ಪನ ಹಾಗೆ ನಡೆಯುತ್ತಲೇ ಇತ್ತು.

“ಚೆನ್ನಾಗಿದೆ,” ಎಂದರು. “ಆದ್ರೆ ಪುಸ್ತಕದಲ್ಲಿ ಹಿತ್ತಾಳೇದು ಅಂತಿದೆ. ಅದೆಲ್ಲಿ?”

ಮಿಸ್ ಫೈಲು ತೆರೆದರು. “ಸಾರ್, ಅದು ನನ್ನ ಕೈಲಿ...”

“ನಾನು ತೊಳೆದೆ ಸಾರ್,” ಎಂದೆ. “ಆಯುಧಪೂಜೆಗೆ. ಹುಣಸೆಹಣ್ಣು ಹಾಕಿ ತೊಳೆದೆ. ಆಮೇಲೆ ತಟ್ಟಿ ಮುರಿದೋಳೂ ನಾನೇ. ಮಿಸ್ ಮುಟ್ಟಲೇ ಇಲ್ಲ.”

ಒಮ್ಮೆ ‘ನಿಲ್ಲಿ’ ಎಂದ ಮೇಲೆ ಉಳಿದ ಮಾತು ಸುಲಭವಾಗಿ ಬಂತು. ಗೋಲಿಗಳು ಉರುಳುತ್ತಲೇ ಇದ್ದವು. ಹೆಡ್‌ಮಿಸ್ಟ್ರೆಸ್ ನನ್ನನ್ನೇ ನೋಡುತ್ತಿದ್ದರು.

“ಅವತ್ತು ನನ್ನ ರೂಮಿಗೆ ಇದನ್ನ ಹೇಳೋಕಾ ಬಂದಿದ್ದು? ಸೀಮೆಸುಣ್ಣ ಅಂದ್ರಲ್ಲಾ?”

“ಹೂಂ ಮೇಡಂ.”

ಇನ್ಸ್‌ಪೆಕ್ಟರು ಗಲ್ಲ ಕೆರೆದುಕೊಂಡರು. “ಏನೋ ಹೋಗ್ಲಿ ಬಿಡಿ ಮೇಡಂ. ನಮ್ಮ ಆಫೀಸ್ ಟೈಪ್‌ರೈಟರ್ ಮೇಲೆ ಈ ಸಲ ತೆಂಗಿನಕಾಯಿ ಒಡೆದವ್ರೆ. ಕಾಯಿನೀರು ಕುಡಿದು ಅದು ಇವತ್ತಿಗೂ ‘ಕ’ ಹೊಡೆಯಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿವರೆಗೆ ಓದಿದ್ದೀರಮ್ಮಾ?”

“ಏಳನೇ ಕ್ಲಾಸು. ಊರಲ್ಲಿ.”

“ಇದನ್ನ ಯಾರು ಹೇಳ್ಕೊಟ್ರು?”

“ಗಾಳಿ ವಿಷಯ ಮಿಸ್ ಹೇಳ್ಕೊಟ್ರು ಸಾರ್. ಏತ ನೋಡಿದ್ದೆ.”

ಅವರು ಸ್ಟಾಕ್ ಪುಸ್ತಕದಲ್ಲಿ ಹಳೆಯದರ ಮೇಲೆ ಗೀಟೆಳೆಸಿ, ಕಾರಣದ ಜಾಗದಲ್ಲಿ ‘ತುಕ್ಕು’ ಎಂದು ಬರೆಸಿ, ಸಹಿ ಮಾಡಿದರು. ಕೆಳಗಿನ ಸಾಲಿನಲ್ಲಿ ಮಿಸ್ ಹೊಸದನ್ನು ಸೇರಿಸಿದರು: ‘ಬಿಸಿಗಾಳಿ ಯಂತ್ರ, ಒಂದು, ಶಾಲೆಯಲ್ಲೇ ಮಾಡಿದ್ದು.’

ಮುಂದಿನ ಜೂನ್‌ನಲ್ಲಿ ಮಿಸ್ ಖಾಯಂ ಆದರು. ನನ್ನನ್ನು ತೆಗೆಯಲೂ ಇಲ್ಲ, ಖಾಯಂ ಮಾಡಲೂ ಇಲ್ಲ. ಅದಕ್ಕೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ‘ನನ್ನ ಅಜಾಗರೂಕತೆಯಿಂದ’ ಎಂಬ ಕಾಗದದ ಹಿಂಬದಿಯಲ್ಲಿ ಮಿಸ್ ಏತದ ಯಂತ್ರದ ಚಿತ್ರ ಬರೆದು, ಭಾಗಗಳ ಹೆಸರು ಬರೆದು, ಬೀರುವಿನ ಬಾಗಿಲಿಗೆ ಅಂಟಿಸಿದರು.

ಮರುವರ್ಷ ಆಯುಧಪೂಜೆಯ ದಿನ ಏತದ ಯಂತ್ರವನ್ನು ಬೀರುವಿನಿಂದ ಕೆಳಗಿಳಿಸಿದೆ. ಪ್ರನಾಳದ ಮೇಲೆ ಒಂದು ವರ್ಷದ ಮಸಿ ಕೂತಿತ್ತು. ಪಕ್ಕದಲ್ಲಿ ಹುಣಸೆಹಣ್ಣು ನೆನೆಹಾಕಿದ ಬಟ್ಟಲಿತ್ತು, ತಕ್ಕಡಿಯ ತಟ್ಟೆಗೆಂದು. ಮಿಸ್ ದೂರದಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಸ್ಲೇಟಿನ ಮರಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು, ಉಳಿದದ್ದನ್ನು ಮುಟ್ಟದೆ ಹಾಗೆಯೇ ಮೇಲಿಟ್ಟೆ.